ಕಲಾಬಿಗ್‌ನಿಂದ ಕಡ ತಂದ ಊರು

ಅಕ್ಟೋಬರ್ 6, ಭಾನುವಾರ

ಈ ಡೈರಿ ಜನವರಿಯಲ್ಲಿ ವಾಲ್ವ್ ಸಪ್ಲೈ ಮಾಡುವ ಕಂಪನಿಯವರು ಕೊಟ್ಟದ್ದು. ಒಂಬತ್ತು ತಿಂಗಳು ಡ್ರಾಯರಿನಲ್ಲಿ ಮಲಗಿತ್ತು. "ಆಫೀಸಿನ ಸಿಟ್ಟೆಲ್ಲ ಮನೆಗೆ ತರ್ಬೇಡಿ, ಎಲ್ಲಾದ್ರೂ ಬರ್ದಿಡಿ" ಎಂದು ಸುಗಂಧಿ ಹೇಳಿದ್ದರಿಂದ ಇವತ್ತು ಎಬ್ಬಿಸಿದ್ದೇನೆ. ಹೆಂಡತಿಯ ಮಾತಿಗೆ ನಾನು ಯಾವತ್ತೂ ಎದುರಾಡಿದವನಲ್ಲ. ಆಡಿದ್ದರೆ ಅದರ ಫಲಿತಾಂಶ ನೆನಪಿನಲ್ಲಿ ಉಳಿಯುತ್ತಿತ್ತು.

ಸಿಟ್ಟಿಗೆ ಕಾರಣ ಎರಡು. ಒಂದು, ನಮ್ಮ ಕರಾವಳಿ ಬಳಗದ ಕಾರ್ಯದರ್ಶಿ ಶೈಲೇಶ್. ನವೆಂಬರ್ ಹದಿನೈದಕ್ಕೆ ಬಳಗದ ರಾಜ್ಯೋತ್ಸವ. ಅದರಲ್ಲಿ 'ನನ್ನ ಊರು' ಎಂದು ಹತ್ತು ನಿಮಿಷ ಉಪಾಧ್ಯಕ್ಷರು ಮಾತಾಡಬೇಕು ಎಂದು ಕಮಿಟಿ ತೀರ್ಮಾನಿಸಿದೆ. ಉಪಾಧ್ಯಕ್ಷ ನಾನು. ಕಮಿಟಿಯ ಮೀಟಿಂಗಿಗೆ ನಾನು ಹೋಗಿರಲಿಲ್ಲ, ಅದೇ ತಪ್ಪಾದದ್ದು.

"ಊರಿನ ಚರಿತ್ರೆ, ಜನಜೀವನ, ಯಾರು ಎಂತ ಮಾಡಿ ಬದುಕ್ತಾರೆ, ಎಲ್ಲ ಬರ್ಬೇಕು ರೋಹಿದಾಸಣ್ಣ. ಇಲ್ಲಿ ಹುಟ್ಟಿದ ಮಕ್ಕಳಿಗೆ ಊರು ಅಂದ್ರೆ ಎಂತ ಅಂತ ಗೊತ್ತಾಗ್ಬೇಕಲ್ಲ" ಎಂದ ಶೈಲೇಶ್.

ನನಗೇ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಹದಿನಾರಕ್ಕೆ ಬಡಗುಮಾರು ಬಿಟ್ಟು ಬೊಂಬಾಯಿಯ ಹೋಟೆಲು ಸೇರಿದವನು, ಅಲ್ಲಿಂದ ಕುವೈತ್. ಈಗ ಐವತ್ತಾರು. ಊರಿನ ಬಗ್ಗೆ ನನಗೆ ಗೊತ್ತಿರುವುದು ಬಸ್ಸು ಎಲ್ಲಿ ನಿಲ್ಲುತ್ತದೆ, ಮೀನು ಎಷ್ಟು ಗಂಟೆಗೆ ಬರುತ್ತದೆ, ಯಾರ ಮನೆಯ ನಾಯಿ ಕಚ್ಚುತ್ತದೆ, ಇಷ್ಟೇ. ಆ ನಾಯಿಯೂ ಸತ್ತು ಮೂವತ್ತು ವರ್ಷವಾಗಿರಬೇಕು.

ಎರಡನೆಯ ಕಾರಣ ನೆನಿತಾ. ಅಹ್ಮದಿಯ ನಮ್ಮ ಸ್ಟೋರ್ ಆಫೀಸಿನಲ್ಲಿ ನನ್ನ ಎದುರು ಮೇಜಿನವಳು. ಫಿಲಿಪೈನ್ಸಿನವಳು, ನಲವತ್ತು ದಾಟಿದೆ. ಫೈಲು ಅವಳ ಕೆಲಸ, ಮಾತು ಅವಳ ಉಸಿರು. ನನ್ನನ್ನು 'ಕುಯಾ' ಎನ್ನುತ್ತಾಳೆ, ಅವರ ಭಾಷೆಯಲ್ಲಿ ಅಣ್ಣ. ಅವಳ ಊರು ಕಲಾಬಿಗ್, ಸಮಾರ್ ಎಂಬ ದ್ವೀಪದಲ್ಲಿ. ಬರುವ ಮೇ ತಿಂಗಳಿಗೆ ಆ ಊರಿಗೆ ನೂರೈವತ್ತು ವರ್ಷವಂತೆ, ಪುಸ್ತಕ ತರುತ್ತಾರಂತೆ, ಹೊರದೇಶದಲ್ಲಿರುವವರೂ ಬರೆಯಬೇಕಂತೆ. ಇವಳು ಇಂಗ್ಲಿಷಿನಲ್ಲಿ ಬರೆಯುತ್ತಾಳೆ, ನಾನು ತಿದ್ದಿಕೊಡಬೇಕು. ತಿದ್ದುವುದರಲ್ಲಿ ನನಗೆ ಹೆಸರುಂಟು. ನನ್ನ ಕೆಂಪು ಪೆನ್ನಿನಿಂದ ಇದುವರೆಗೆ ಒಂದು ಡೆಲಿವರಿ ನೋಟೂ ತಪ್ಪಿಸಿಕೊಂಡದ್ದಿಲ್ಲ.

"ನಿಮ್ಮ ಅಪ್ಪ ಏನು ಮಾಡ್ತಿದ್ದರು ಕುಯಾ?" ಎಂದು ಕೇಳಿದಳು. ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ತೆಂಗಿನ ವ್ಯಾಪಾರ.

ಅಕ್ಟೋಬರ್ 9, ಬುಧವಾರ

ನೆನಿತಾಳ ಮೊದಲ ನಾಲ್ಕು ಪುಟ ಬಂತು. ವ್ಯಾಕರಣ ದೇವರಿಗೇ ಪ್ರೀತಿ. ವಿಷಯವೂ ಅಷ್ಟಕ್ಕಷ್ಟೆ. ಸ್ಪೇನಿನವರ ಕಾಲದಲ್ಲಿ ಪ್ರತಿ ಮನೆಯವರೂ ಇಂತಿಷ್ಟು ತೆಂಗಿನ ಸಸಿ ನೆಡಲೇಬೇಕು, ನೆಡದಿದ್ದವನಿಗೆ ದಂಡ ಎಂದು ಆಜ್ಞೆಯಾಯಿತಂತೆ. ಜನ ಬೈದುಕೊಂಡು ನೆಟ್ಟರು, ಮೊಮ್ಮಕ್ಕಳು ಅದರಲ್ಲೇ ಬದುಕಿದರು. ಕೊಬ್ಬರಿ ಒಣಗಿಸುವುದು, ಅದನ್ನು ಕೊಳ್ಳಲು ಊರಿಗೊಬ್ಬನೇ ಸಾಹುಕಾರ, ಅವನು ಹೇಳಿದ್ದೇ ರೇಟು. ಬಸ್ ಸ್ಟಾಪಿನ ಚಪ್ಪರಕ್ಕೆ ಮೇಯರನ ಹೆಸರು, ಮೇಯರ್ ಬದಲಾದರೆ ಬಣ್ಣವೂ ಬದಲು. ಭಾನುವಾರ ಕೋಳಿ ಅಂಕ. ಗೆದ್ದ ಕೋಳಿಗೆ ಎಣ್ಣೆ ತಿಕ್ಕುತ್ತಾರೆ, ಸೋತದ್ದನ್ನು ಸಾರು ಮಾಡುತ್ತಾರೆ.

"ಇದೆಲ್ಲ ಚರಿತ್ರೆಯಾ? ಇಂಥದ್ದು ಯಾವ ಊರಿನಲ್ಲಿ ಇಲ್ಲ?" ಎಂದೆ.

"ನಿಮ್ಮ ಊರಿನಲ್ಲಿ ಉಂಟಾ?" ಎಂದು ಕೇಳಿದಳು.

ಟೆಲಿಫೋನ್ ಬಂತು. ನನ್ನ ಪುಣ್ಯ.

ಅಕ್ಟೋಬರ್ 16, ಬುಧವಾರ

ಬಡಗುಮಾರಿನ ಚರಿತ್ರೆ ಎಂದು ಗೂಗಲ್‌ನಲ್ಲಿ ಹುಡುಕಿದೆ. ಒಂದು ಸಿಮೆಂಟ್ ಅಂಗಡಿಯ ಫೋನ್ ನಂಬರ್ ಸಿಕ್ಕಿತು. ಫೋನ್ ಮಾಡಿ ಊರಿನ ಚರಿತ್ರೆ ಕೇಳಿದೆ. "ಎಷ್ಟು ಚೀಲ ಬೇಕು?" ಎಂದರು.

ಅಕ್ಟೋಬರ್ 22, ಮಂಗಳವಾರ

ನೆನಿತಾಳ ಎರಡನೆಯ ಕಂತು. ಈ ಸಲ ಅವಳ ಅಪ್ಪನ ಬಗ್ಗೆ. ಅವರ ಕಸುಬು ತೆಂಗಿನ ಮರದಿಂದ ಕಳಿ, ಅಂದರೆ ಕಳ್ಳು, ಇಳಿಸುವುದು. ಅಲ್ಲಿ ಅದಕ್ಕೆ ತುಬಾ ಎನ್ನುತ್ತಾರೆ, ಇಳಿಸುವವನಿಗೆ ಮನಂಗೆತೆ. ಈ ಹೆಣ್ಣು ಅದನ್ನು ಆಫೀಸಿನ ನಡುಮಧ್ಯೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಾಳೆ.

"ಮೆಲ್ಲ ಮೆಲ್ಲ. ಇದು ಕುವೈತ್. ಆ ವಸ್ತುವಿನ ಹೆಸರು ಬಾಯಲ್ಲಿ ಬಂದ್ರೆ ಇಕಾಮಾ ಖಲಾಸ್, ವೀಸಾ ಹೋಯ್ತು, ಸೀದಾ ಊರಿಗೆ" ಎಂದೆ.

"ನನ್ನ ತಾತಾಯ್ ಕುಡುಕನಲ್ಲ ಕುಯಾ, ಕೆಲಸಗಾರ. ದಿನಕ್ಕೆ ಮೂವತ್ತು ಮರ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಅದರಲ್ಲೇ ನಾಲ್ಕು ಮಕ್ಕಳನ್ನು ಓದಿಸಿದರು" ಎಂದಳು. ತಾತಾಯ್ ಎಂದರೆ ಅಪ್ಪ.

ಬರಹದಲ್ಲಿ ಒಂದು ತಪ್ಪಿತ್ತು, ಭಾಷೆಯದ್ದಲ್ಲ. ಹೊಂಬಾಳೆಯನ್ನು ಕೊಯ್ದ ಕೂಡಲೇ ರಸ ಸುರಿಯುತ್ತದೆ ಎಂದು ಬರೆದಿದ್ದಳು. ಹಾಗೆ ಸುರಿಯುವುದಿಲ್ಲ. ಮೊದಲು ಹೊಂಬಾಳೆಯನ್ನು ಬಿಗಿಯಾಗಿ ಕಟ್ಟಬೇಕು, ದಿನಾ ಹದವಾಗಿ ಬಡಿಯಬೇಕು, ಜೋರಾದರೆ ಒಳಗೆ ಕೊಳೆಯುತ್ತದೆ, ಮೆಲ್ಲಗಾದರೆ ಮರ ಕಿವಿಗೇ ಹಾಕಿಕೊಳ್ಳುವುದಿಲ್ಲ. ವಾರ ಕಳೆದ ಮೇಲೆ ತುದಿಯನ್ನು ತೆಳ್ಳಗೆ ಕೆತ್ತಬೇಕು, ವೀಳ್ಯದೆಲೆಯಷ್ಟು ತೆಳ್ಳಗೆ. ಇಷ್ಟನ್ನೂ ಅಂಚಿನಲ್ಲಿ ಬರೆದುಕೊಟ್ಟೆ.

"ಇದು ನಿಮಗೆ ಹೇಗೆ ಗೊತ್ತು?" ಎಂದಳು.

"ಜನರಲ್ ನಾಲೆಜ್" ಎಂದೆ.

ಅಕ್ಟೋಬರ್ 30, ಬುಧವಾರ

ದಾರಿ ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದೇ ಆಶ್ಚರ್ಯ.

ನೆನಿತಾಳ ಇಪ್ಪತ್ತು ಪುಟ ನನ್ನ ಬಳಿಯೇ ಉಂಟು. ತೆಂಗು ಅಲ್ಲೂ ತೆಂಗೇ, ಮೀನು ಅಲ್ಲೂ ಮೀನೇ. ಕನ್ನಡಕ್ಕೆ ತರುವಾಗ ಸ್ಪೇನಿನವರನ್ನು ತೆಗೆದು ಪೋರ್ಚುಗೀಸರನ್ನು ಹಾಕಿದೆ. ಮೂರು ಚಕ್ರದ ಬಾಡಿಗೆ ಬೈಕು ಆಟೋರಿಕ್ಷಾ ಆಯಿತು. ಮೇಯರ್ ಪಂಚಾಯತ್ ಅಧ್ಯಕ್ಷರಾದರು. ಚಂಡಮಾರುತದಲ್ಲಿ ಮರಗಳೆಲ್ಲ ಬಿದ್ದು, ಹೊಸ ಸಸಿ ಫಲ ಕೊಡುವುದಕ್ಕೆ ಏಳು ವರ್ಷ ಕಾಯಲಾರದೆ ಜನ ಕೊಲ್ಲಿ ದೇಶಕ್ಕೆ ಹೊರಟದ್ದನ್ನು ಹಾಗೆಯೇ ಇಟ್ಟೆ, ಚೆನ್ನಾಗಿದೆ. "ನಮ್ಮ ಊರಿನ ಬೆಳೆ ಮೂರು: ತೆಂಗು, ಮೀನು, ಹೊರದೇಶಕ್ಕೆ ಜನ" ಎಂಬ ಅವಳ ವಾಕ್ಯಕ್ಕೆ ಚಪ್ಪಾಳೆ ಖಂಡಿತ. ಅವಳ ಕಾಡಿನಲ್ಲಿ ಅಂಗೈಯಷ್ಟೇ ಇರುವ, ದೊಡ್ಡ ಕಣ್ಣಿನ ಒಂದು ಪ್ರಾಣಿ ಉಂಟು. ಅದನ್ನು ಕಾಡುಪಾಪ ಎಂದು ತಿದ್ದಿದೆ.

ಮನಂಗೆತೆಯ ಭಾಗವನ್ನು ಬಿಟ್ಟೆ. ಸಭೆಯಲ್ಲಿ ಅದೆಲ್ಲ ಯಾಕೆ.

ಕದ್ದದ್ದು ಎಂದು ಹೇಳಬಾರದು. ನಾನು ತಿದ್ದಿದ ಮೇಲೆ ಅರ್ಧ ನನ್ನದೇ ಅಲ್ಲವೇ?

ನವೆಂಬರ್ 8, ಶುಕ್ರವಾರ

ಪರದೆಯ ಮೇಲೆ ಇಂಗ್ಲಿಷ್ ಬರಬೇಕು, ಮಕ್ಕಳಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ ಎಂದು ಶೈಲೇಶನ ಹೊಸ ಆಜ್ಞೆ. ಹಾಗಾಗಿ ಬೆಳಿಗ್ಗೆಯಿಂದ ನಾನು ಕನ್ನಡದಲ್ಲಿ ಓದುವುದು, ಮಗಳು ಅನ್ವಿತಾ ಇಂಗ್ಲಿಷಿನಲ್ಲಿ ಟೈಪ್ ಮಾಡುವುದು. ಹನ್ನೊಂದನೇ ಕ್ಲಾಸಿನವಳು, ಬೆರಳು ಬಲು ಚುರುಕು.

"ಪಪ್ಪಾ, ಇದು ಸೋ ಈಸಿ. ಇಟ್ಸ್ ಲೈಕ್ ಇದು ಮೊದಲೇ ಇಂಗ್ಲಿಷ್‌ನಲ್ಲಿ ಇತ್ತು."

"ಒಳ್ಳೆಯ ಕನ್ನಡ ಹಾಗೇ ಇರುವುದು" ಎಂದೆ.

ಮೊದಲ ಪುಟದಲ್ಲೇ ನಿಂತಳು. "ಕಲಾಬಿಗ್‌ನ ತೆಂಗಿನ ಮರಗಳು ಅಂತ ಹೇಳಿದ್ರಿ. ವಾಟ್ಸ್ ಕಲಾಬಿಗ್?"

ಊರಿನ ಹೆಸರು ಒಂದು ಕಡೆ ಬದಲಾಯಿಸದೇ ಉಳಿದಿತ್ತು. "ಬಡಗುಮಾರಿನ ಒಂದು ಮೂಲೆ. ತೆಂಗು ಅಲ್ಲಿ ಜಾಸ್ತಿ" ಎಂದೆ. ಟೈಪ್ ಮಾಡಿದಳು. ಮಗಳ ಎದುರು ತಪ್ಪು ಒಪ್ಪಿಕೊಂಡು ತಿದ್ದಿಸುವುದಕ್ಕಿಂತ ಊರಿಗೆ ಒಂದು ಮೂಲೆ ಸೇರಿಸುವುದು ಸುಲಭವಾಯಿತು.

ಎಲ್ಲ ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚದೆ ಕೂತಳು. "ಅಜ್ಜ ಈಸ್ ನಾಟ್ ದೇರ್. ಈವನ್ ಕಾಡುಪಾಪ ಈಸ್ ದೇರ್. ಅಜ್ಜ ಎಂತ ಮಾಡ್ತಿದ್ರು?"

"ತೆಂಗಿನ ವ್ಯಾಪಾರ."

"ಲೈಕ್, ಎ ಶಾಪ್?"

"ಹ್ಞಾಂ, ಹಾಗೇ."

ಅಡುಗೆಮನೆಯಲ್ಲಿ ಸುಗಂಧಿಯ ಸೌಟು ಒಂದು ಕ್ಷಣ ನಿಂತದ್ದು ಕೇಳಿಸಿತು. ಬೈದಿದ್ದರೆ ವಾಸಿ ಇತ್ತು.

ನವೆಂಬರ್ 12, ಮಂಗಳವಾರ

ಮೊದಲ ಮಳೆ, ನಾಲ್ಕು ಹನಿ. ಫಿಂಟಾಸಿನ ನಮ್ಮ ಕಟ್ಟಡದವರೆಲ್ಲ ಬಾಲ್ಕನಿಗೆ ಬಂದು ಫೋಟೋ ತೆಗೆದರು.

ಮಳೆ ಬಂದರೆ ಅಪ್ಪನಿಗೆ ಕಷ್ಟ. ಮರ ಜಾರುತ್ತದೆ. ಆದರೂ ಹತ್ತಲೇಬೇಕು, ಒಂದು ಹೊತ್ತು ಕೆತ್ತದಿದ್ದರೆ ಹೊಂಬಾಳೆ ಮುನಿಸಿಕೊಳ್ಳುತ್ತದೆ. ತಲೆಗೆ ಗೋಣಿ ಹಾಕಿಕೊಂಡು, ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಹೋಗುತ್ತಿದ್ದರು. ಇದನ್ನು ಯಾಕೆ ಬರೆದೆನೋ. ಬರೆಯಬೇಕಾದದ್ದು ಬಳಗದ ಊಟದ ಕೂಪನ್ನಿನ ವಿಷಯ.

ನವೆಂಬರ್ 14, ಗುರುವಾರ

ನಾಳೆ ರಾಜ್ಯೋತ್ಸವಕ್ಕೆ ನೆನಿತಾ ಬರುತ್ತಾಳೆ. ಮೊನ್ನೆ ಅವಳು ನೂಡಲ್ಸ್ ಮಾಡಿಕೊಂಡು ಮನೆಗೆ ಬಂದಾಗ ಸುಗಂಧಿ ಪಾಸ್ ಕೊಟ್ಟಿದ್ದಾಳೆ. "ಇಂಗ್ಲಿಷ್ ಪರದೆ ಉಂಟಲ್ಲ, ಅವಳಿಗೂ ಅರ್ಥ ಆಗ್ತದೆ" ಎಂದಳಂತೆ.

ಅನ್ವಿತಾ ಸ್ಲೈಡುಗಳನ್ನು ಶೈಲೇಶನಿಗೆ ಕಳಿಸಿಯಾಗಿದೆ. ನೆನಿತಾ ತನ್ನ ಸ್ವಂತ ವಾಕ್ಯಗಳನ್ನು ತಾನೇ ಮೂರನೇ ಸಾಲಿನಲ್ಲಿ ಕೂತು ಓದುತ್ತಾಳೆ.

ಹೊಟ್ಟೆ ಸರಿ ಇಲ್ಲ ಎಂದೆ. ಸುಗಂಧಿ ಕಷಾಯ ಕೊಟ್ಟಳು. ಈಗ ನಿಜವಾಗಿಯೂ ಸರಿ ಇಲ್ಲ.

ನವೆಂಬರ್ 16, ಶನಿವಾರ

ನಿನ್ನೆ ಬರೆಯಲು ಕೈ ಏಳಲಿಲ್ಲ. ಇವತ್ತು ಕ್ರಮವಾಗಿ ಬರೆಯುತ್ತೇನೆ.

ಹಾಲ್ ಭರ್ತಿ. ಮೊದಲು ನಾಡಗೀತೆ, ಬಳಿಕ ಅಧ್ಯಕ್ಷರ ನಾಲ್ಕು ಮಾತು, ಅದು ನಲವತ್ತಾಯಿತು. ನನ್ನ ಹೆಸರು ಕರೆದರು. ಮೇಲೆ ಹೋದೆ. ನೀಲಿ ಬಣ್ಣದ ಉಡುಪು ಹಾಕಿಕೊಂಡ ನೆನಿತಾ ಮೂರನೇ ಸಾಲಿನಿಂದ ಕೈ ಬೀಸಿದಳು. ಪಕ್ಕದ ಮೇಜಿನಲ್ಲಿ ಅನ್ವಿತಾ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಗುಂಡಿ ಒತ್ತಿದಳು. ನನ್ನ ಬೆನ್ನ ಹಿಂದೆ ಬೆಳಕಾಯಿತು. ತಿರುಗಿ ನೋಡಿದರೆ ಗೋಡೆಯಷ್ಟು ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ 'ಕಲಾಬಿಗ್‌ನ ತೆಂಗಿನ ಮರಗಳು'.

ನೆನಿತಾ ಎದ್ದು ನಿಂತಳು. ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು, ಬಾಯಿ ತೆರೆದಿತ್ತು. ಈಗ ಕಳ್ಳ ಎಂದು ಕೂಗುತ್ತಾಳೆ ಎಂದು ಕಾದೆ. ಹಿಂದಿನವರು ಕೂರಿಸಿದರು, ಕೂತಳು. ನನ್ನ ಕೈಯಲ್ಲಿ ಅವಳ ಊರು ಒಂಬತ್ತು ಪುಟ ಇತ್ತು. ಅದರ ಒಂದು ಸಾಲನ್ನೂ ಅವಳ ಎದುರು ಓದಲು ನನ್ನಿಂದಾಗಲಿಲ್ಲ. ಕಾಗದವನ್ನು ಮಡಚಿ ಕಿಸೆಗೆ ಹಾಕಿದೆ.

ಹತ್ತು ನಿಮಿಷ ಏನಾದರೂ ಹೇಳಬೇಕಲ್ಲ. ಊರಿನದ್ದೆಂದು ನನಗೆ ಗೊತ್ತಿದ್ದದ್ದು ಒಂದೇ.

"ನನ್ನ ಅಪ್ಪ ದೂಮ ಪೂಜಾರಿ. ಬಡಗುಮಾರಿನಲ್ಲಿ ತೆಂಗಿನ ಮರದಿಂದ ಕಳಿ ಇಳಿಸ್ತಿದ್ದರು" ಎಂದೆ.

ಕುವೈತಿನ ಮೈಕಿನಲ್ಲಿ ಆ ಶಬ್ದ ಬಂದದ್ದಕ್ಕೆ ಶೈಲೇಶ್ ಬಾಗಿಲಿನ ಕಡೆ ನೋಡಿದ. ನಾನು ನಿಲ್ಲಿಸಲಿಲ್ಲ. ನಿಲ್ಲಿಸಲು ಬರಲಿಲ್ಲ ಎಂದರೂ ಸರಿ. ಇಪ್ಪತ್ತೆರಡು ಮರ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕಾಲಿಗೆ ಹಗ್ಗದ ತಳೆ, ಎದೆಯಲ್ಲಿ ಮರದ ತೊಗಟೆ ಉಜ್ಜಿ ಆದ ಕಪ್ಪು ಜಡ್ಡು. ಮರದ ಮೇಲಿನಿಂದ ಹೊಂಬಾಳೆ ಬಡಿಯುವ ಟಕ್ ಟಕ್ ಕೇಳಿಯೇ ಅಮ್ಮ ಒಲೆ ಹಚ್ಚುತ್ತಿದ್ದದ್ದು. ಯಾವ ಮರ ಸಿಹಿ, ಯಾವ ಮರ ಸೋಮಾರಿ ಎಂದು ಅವರು ನೆಂಟರ ಬಗ್ಗೆ ಹೇಳಿದಂತೆ ಹೇಳುತ್ತಿದ್ದದ್ದು.

ಶಾಲೆಯ ವಿಷಯವೂ ಬಂತು. ನಾಲ್ಕನೇ ಕ್ಲಾಸಿನಲ್ಲಿ ಮಾಸ್ಟ್ರು ಮೂಗು ಮುಚ್ಚಿಕೊಂಡು "ಕಳಿ ವಾಸನೆ, ಹಿಂದಿನ ಬೆಂಚಿಗೆ ಹೋಗು" ಎಂದಿದ್ದರು. ಮನೆಗೆ ಬಂದು ಅತ್ತೆ. ಅವತ್ತಿನಿಂದ ಅಪ್ಪ ಮರದಿಂದ ಇಳಿದು ಬಾವಿಕಟ್ಟೆಯಲ್ಲಿ ಮೂರು ಸಲ ಕೈ ತೊಳೆಯದೆ ನನ್ನ ಪುಸ್ತಕ ಮುಟ್ಟಲಿಲ್ಲ. ನಾನು ಅವತ್ತಿನಿಂದ ಯಾರು ಕೇಳಿದರೂ ತೆಂಗಿನ ವ್ಯಾಪಾರ ಎಂದೆ. ಅಪ್ಪನ ಎದುರೂ ಒಮ್ಮೆ ಹೇಳಿದ್ದೇನೆ, ಬೊಂಬಾಯಿಯಿಂದ ಬಂದ ಗೆಳೆಯನ ಹತ್ತಿರ. ಅಪ್ಪ ಕೇಳಿಸದವರಂತೆ ಕತ್ತಿ ಮಸೆಯುತ್ತಾ ಕೂತಿದ್ದರು. ಅದಕ್ಕಾಗಿ ನನಗೆ ನಾಚಿಕೆಯಾಗುತ್ತದೆ, ಅವರ ಕಸುಬಿಗಾಗಿ ಅಲ್ಲ, ಎಂದು ಹೇಳಿ ಇಳಿದೆ.

ಚಪ್ಪಾಳೆ ಬಂತೋ ಇಲ್ಲವೋ ಗೊತ್ತಿಲ್ಲ. ಊಟದ ಸಾಲಿನಲ್ಲಿ ಕೊನ್ರಾಡ್ ಸಿಕ್ಕಿದ. ನಮ್ಮ ಪಕ್ಕದ ಊರಿನವ, ಇಪ್ಪತ್ತು ವರ್ಷದಿಂದ ಪರಿಚಯ.

"ಮಾರಾಯ, ನೀನು ದೂಮಣ್ಣನ ಮಗನಾ? ಹಬ್ಬಕ್ಕೆ ನಮ್ಮ ಮನೆಯ ಸನ್ನದ ಅಕ್ಕಿಹಿಟ್ಟು ಹುಳಿ ಬರ್ಲಿಕ್ಕೆ ಕಳಿ ತಂದು ಕೊಡ್ತಿದ್ದದ್ದು ಅವರೇ ಅಲ್ವಾ? ಅವರ ಕಳಿ ಹಾಕಿದ ಸನ್ನ ಹತ್ತಿಯ ಹಾಗೆ ಉಬ್ತಿತ್ತು. ನಮ್ಮ ಅಮ್ಮ ಈಗ್ಲೂ ಹೇಳ್ತಾರೆ, ದೂಮಣ್ಣ ಹೋದ ಮೇಲೆ ಸನ್ನ ಏಳುವುದೇ ಇಲ್ಲ ಅಂತ. ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ಲ ನೀನು?"

ತಟ್ಟೆಗೆ ಪಲ್ಯ ಹಾಕಿಸಿಕೊಂಡೆ. ಮೆಣಸು ಜಾಸ್ತಿಯಾಗಿತ್ತು, ಕಣ್ಣಲ್ಲಿ ನೀರು ಬಂತು.

ಕಾರಿನಲ್ಲಿ ಅನ್ವಿತಾ ಒಂದು ವಿಷಯ ಹೇಳಿದಳು. ನಾನು ಕಾಗದ ಮಡಚಿದ ಮೇಲೆ ಸ್ಲೈಡ್ ಮುಂದೆ ಹೋಗಿಯೇ ಇರಲಿಲ್ಲವಂತೆ. ನನ್ನ ಮಾತು ಕೇಳುತ್ತಾ ಗುಂಡಿ ಒತ್ತುವುದನ್ನೇ ಮರೆತಳಂತೆ. ಹತ್ತು ನಿಮಿಷವೂ ನನ್ನ ಹಿಂದೆ ಕಲಾಬಿಗ್ ಇತ್ತು. ಬೈಯಬೇಕೆಂದಿದ್ದೆ. ಅಷ್ಟರಲ್ಲಿ ಕೇಳಿದಳು: "ಪಪ್ಪಾ, ಅಜ್ಜ ಮರದಿಂದ ಯಾವತ್ತಾದ್ರೂ ಬಿದ್ದಿದ್ರಾ? ಅವರಿಗೆ ಹೆದರಿಕೆ ಆಗ್ತಿರ್ಲಿಲ್ವಾ?"

ಫಿಂಟಾಸ್ ಬರುವವರೆಗೂ ಉತ್ತರ ಹೇಳಿದೆ. ಟ್ರಾಫಿಕ್ ಜಾಸ್ತಿ ಇತ್ತು, ಒಳ್ಳೆಯದಾಯಿತು.

ನವೆಂಬರ್ 17, ಭಾನುವಾರ

ನೆನಿತಾಳ ಮುಖ ಎದುರಿಸಲು ಹೆದರಿ ಅರ್ಧ ಗಂಟೆ ಪೈಪುಗಳ ನಡುವೆ ಸ್ಟಾಕ್ ಎಣಿಸಿದೆ. ಅಲ್ಲಿಗೇ ಬಂದಳು. ಕಣ್ಣು ಕೆಂಪಾಗಿತ್ತು.

"ಕುಯಾ, ನಿಮ್ಮ ಜನರ ಎದುರು ನನ್ನ ಊರಿನ ಬಗ್ಗೆ ಮಾತಾಡಿದಿರಿ. ಹತ್ತು ನಿಮಿಷ ಕಲಾಬಿಗ್ ಹೆಸರು ಅಷ್ಟು ದೊಡ್ಡದಾಗಿ ಗೋಡೆಯ ಮೇಲೆ! ಮಾತು ಅರ್ಥವಾಗಲಿಲ್ಲ, ಆದರೆ ಜನ ಅಳುತ್ತಿದ್ದರು. ನನ್ನ ಊರಿಗಾಗಿ ಭಾರತದವರು ಅಳುವುದನ್ನು ನಾನು ವಿಡಿಯೋ ಮಾಡಿ ತಾತಾಯ್‌ಗೆ ಕಳಿಸಿದ್ದೇನೆ."

ನಾನು ಬಾಯಿ ತೆರೆದೆ. ಅವಳು ಒಂದು ಡಬ್ಬಿ ಅಕ್ಕಿಯ ಸಿಹಿ ಕೈಗಿಟ್ಟಳು. ಬಾಯಿ ತೆರೆದೇ ಇತ್ತು, ಒಂದು ತುಂಡು ಅದರೊಳಗೆ ಹಾಕಿಬಿಟ್ಟಳು.

ನಾಳೆ ಹೇಳುತ್ತೇನೆ.

ನವೆಂಬರ್ 20, ಬುಧವಾರ

ಹೇಳಲಿಲ್ಲ. ಮೀಟಿಂಗ್ ಇತ್ತು.

ನವೆಂಬರ್ 24, ಭಾನುವಾರ

ನೆನಿತಾಳ ಬರಹದ ಕೊನೆಯ ಪುಟ ತಿದ್ದಲು ಬಂತು. ಹೊಸದಾಗಿ ಒಂದು ಪ್ಯಾರಾ ಸೇರಿಸಿದ್ದಾಳೆ. ಕುವೈತಿನಲ್ಲಿ ತನಗೆ ಒಬ್ಬ ಅಣ್ಣ ಇದ್ದಾನೆ, ಅವನ ಊರು ಬಡಗುಮಾರು, ಅಲ್ಲೂ ಕಡಲು, ಅಲ್ಲೂ ತೆಂಗು, ಅವನು ತನ್ನ ಜನರಿಗೆ ಕಲಾಬಿಗ್‌ನ ಕಥೆ ಹೇಳಿದ, ಅದಕ್ಕಾಗಿ ತನ್ನ ಊರಿನವರಿಗೆ ತಾನು ಅವನ ಊರಿನ ಬಗ್ಗೆ ಹೇಳಬೇಕು. ಅವನ ತಂದೆ ದೂಮ ಪೂಜಾರಿ ಅಲ್ಲಿಯ ತೆಂಗಿನ ವ್ಯಾಪಾರಿ. ಹೆಸರನ್ನು ಸುಗಂಧಿಯ ಹತ್ತಿರ ಕೇಳಿ ಬರೆದುಕೊಂಡಳಂತೆ. ಕಸುಬು ನಾನೇ ಹೇಳಿದ್ದೆನಲ್ಲ, ಅಕ್ಟೋಬರಿನಲ್ಲಿ.

ಕೆಂಪು ಪೆನ್ನು ತೆಗೆದೆ. 'ವ್ಯಾಪಾರಿ' ಎಂಬ ಶಬ್ದವನ್ನು ಹೊಡೆದೆ. ಇಂಗ್ಲಿಷಿನಲ್ಲಿ ಏನು ಬರೆಯಬಹುದೆಂದು ಯೋಚಿಸಿ, ಆ ಊರಿನವರು ಓದುವ ಪುಸ್ತಕ, ಅವರ ಶಬ್ದವೇ ಇರಲಿ ಎಂದು ಮೇಲೆ 'ಮನಂಗೆತೆ' ಎಂದು ಬರೆದು ಕೊಟ್ಟೆ.

ಓದಿದಳು. ಇನ್ನೊಮ್ಮೆ ಓದಿದಳು. ಅವಳು ಎದುರು ಮೇಜಿಗೆ ಬಂದ ಮೂರು ವರ್ಷದಲ್ಲಿ ಮೊದಲ ಸಲ ನಮ್ಮ ಆಫೀಸಿನ ಎ.ಸಿ.ಯ ಸದ್ದು ನನಗೆ ಕೇಳಿಸಿತು.

"ಹಾಗಾದರೆ ಅವತ್ತು ನನಗೆ ಸುಳ್ಳು ಹೇಳಿದಿರಾ ಕುಯಾ?"

"ಒಂದಲ್ಲ, ಎರಡು" ಎಂದೆ. ಎರಡನೆಯದನ್ನೂ ಹೇಳಿದೆ, ಪೋರ್ಚುಗೀಸರಿಂದ ಹಿಡಿದು ಕಾಡುಪಾಪದವರೆಗೆ, ವೇದಿಕೆಯಲ್ಲಿ ಕೊನೆಗೆ ಮಾತಾಡಿದ್ದು ನನ್ನ ಅಪ್ಪನ ಕಸುಬಿನ ಬಗ್ಗೆ ಎಂಬುದನ್ನೂ. ಮೇಜಿಗೆ ತಲೆ ಇಟ್ಟು ನಕ್ಕಳು. ತಾತಾಯ್‌ಗೆ ಕಳಿಸಿದ ವಿಡಿಯೋವನ್ನು ಏನು ಮಾಡಲಿ ಎಂದು ಕೇಳಿದೆ. "ಇರಲಿ. ತಾತಾಯ್‌ನ ಕಸುಬಿನ ಬಗ್ಗೆಯೇ ಮಾತಾಡಿದ್ದಲ್ಲವೇ?" ಎಂದಳು.

ಉಡುಪಿಯಿಂದ ಆಚೆ ಕಾಲಿಡದ ಅಪ್ಪ ಬರುವ ಮೇ ತಿಂಗಳಲ್ಲಿ ಕಲಾಬಿಗ್‌ನ ಚರಿತ್ರೆಯಲ್ಲಿ ಇರುತ್ತಾರೆ. ಅಚ್ಚಿಗೆ ಕಳಿಸುವ ಮೊದಲು ಅವರ ಹೆಸರಿನ ಅಕ್ಷರಗಳನ್ನು ಪೆನ್ನಿನ ತುದಿಯಿಂದ ಒಂದೊಂದಾಗಿ ಮುಟ್ಟಿ ನೋಡಿದೆ. ತಿದ್ದುವಂಥದ್ದು ಏನೂ ಇರಲಿಲ್ಲ.